ಮಿಸ್ ವರ್ನೆಲ್ ಗಾಡಿ ನಿಲ್ಲಿಸುವ ಜಾಗ

ಏಪ್ರಿಲ್ ಮುಗಿಯುತ್ತ ಬಂದು, ಒಂದಕ್ಕೊಂದು ಅಂಟಿಕೊಂಡೇ ಹಾರುವ ಕರಿ ಜೋಡಿಹುಳುಗಳು ಎಲ್ಲೆಲ್ಲೂ ತುಂಬಿಕೊಂಡವೆಂದರೆ ವರ್ನೆಲ್ ಟಿಡ್ವೆಲ್ ಅವರ ಪ್ರಯಾಣದ ಕಾಲ ಬಂತೆಂದೇ ಲೆಕ್ಕ. ಗಾಡಿಯ ಗಾಜಿಗೆ ಬಡಿದು ಸತ್ತ ಹುಳುಗಳನ್ನು ಬಿಸಿಲು ಏರುವ ಮೊದಲೇ ಒರೆಸಿಬಿಡಬೇಕು. ಒಣಗಿದರೆ ಕೆರೆದು ತೆಗೆಯುವಷ್ಟರಲ್ಲಿ ಸಾಕುಸಾಕಾಗುತ್ತದೆ. ಹಾಗಾಗಿ ವರ್ನೆಲ್ ಬೆಳಗಿನ ಕಾಫಿ ಕುಡಿದವರೇ ಒದ್ದೆ ಬಟ್ಟೆ ಹಿಡಿದು ಹೊರಗೆ ಬರುತ್ತಾರೆ. ಚಿಕ್ಕ ಏಣಿ ಹತ್ತಿ ತಮ್ಮ ಬಿಳಿ ವ್ಯಾನಿನ ಮುಖ ತೊಳೆಯುತ್ತಾರೆ. ಎಂಬತ್ತು ತುಂಬಲು ಇನ್ನು ಕೆಲವು ತಿಂಗಳಿರುವ ಹೆಂಗಸು ಏಣಿ ಹತ್ತುವುದನ್ನು ನೋಡಿ ಗಾಲ್ಫ್ ಗಾಡಿಯಲ್ಲಿ ಹೋಗುವ ನೆರೆಯವರು ಸುಮ್ಮನಿರುವುದಿಲ್ಲ.

"ವರ್ನೆಲ್, ಬಿದ್ದೀಯ ಹುಷಾರು!"

"ಬಿದ್ರೆ ನಿನ್ ಮೇಲೇ ಬೀಳ್ತೀನಿ, ಸ್ವಲ್ಪ ಹತ್ರ ಬಾ!"

ಅವರು ಇರುವುದು ಐವತ್ತೈದು ದಾಟಿದವರಿಗೆಂದೇ ಕಟ್ಟಿದ ಬಡಾವಣೆ. ಮೊದಲು ಅಲ್ಲಿ ಕಿತ್ತಳೆ ತೋಟವಿತ್ತು. ಈಗ ಸಾಲುಸಾಲು ತಗಡಿನ ಮನೆಗಳು, ನಡುವೆ ಒಂದು ಈಜುಕೊಳ. ಉದ್ದ ಕಾಲಿನ ಕೊಕ್ಕರೆಗಳು ರಸ್ತೆಯ ಮಧ್ಯೆ ಯಜಮಾನರಂತೆ ನಡೆಯುತ್ತವೆ, ಗಾಡಿಗಳೇ ಅವಕ್ಕೆ ದಾರಿ ಬಿಡಬೇಕು. ಚಳಿಗಾಲಕ್ಕೆ ಉತ್ತರದಿಂದ ಬಂದವರು ಈಸ್ಟರ್ ಮುಗಿಯುತ್ತಲೇ ಹೊರಟುಹೋಗುತ್ತಾರೆ. ಬಿರುಗಾಳಿಯ ಕಾಲಕ್ಕೂ ಅಲ್ಲೇ ಕಚ್ಚಿಕೊಂಡಿರುವವರು ಕೆಲವರೇ. ವರ್ನೆಲ್ ಆ ಕೆಲವರಲ್ಲೊಬ್ಬರು. ಫ್ಲಾರಿಡಾದ ಈ ಜಿಲ್ಲೆಯಲ್ಲೇ ಹುಟ್ಟಿದವರು, ಇದೇ ಜಿಲ್ಲೆಯ ರಸ್ತೆಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಹಳದಿ ಬಣ್ಣದ ಶಾಲಾ ಬಸ್ಸು ಓಡಿಸಿದವರು.

ಊರೊಳಗೆ ಹೋದರೆ ಅದು ಗೊತ್ತಾಗುತ್ತದೆ. ಔಷಧಿ ಅಂಗಡಿಯ ಬೋಳುತಲೆಯವನು ಚೀಟಿ ನೋಡದೆಯೇ "ಬನ್ನಿ ಮಿಸ್ ವರ್ನೆಲ್" ಎಂದು ಎದ್ದು ನಿಲ್ಲುತ್ತಾನೆ. ಹಲ್ಲಿನ ಡಾಕ್ಟರಮ್ಮ ಇವರ ಬಾಯೊಳಗೆ ಕನ್ನಡಿ ಹಿಡಿದುಕೊಂಡೇ, "ಮಿಸ್ ವರ್ನೆಲ್, ನನ್ನ ತಮ್ಮ ಬಸ್ಸಲ್ಲಿ ವಾಂತಿ ಮಾಡಿದ್ದು ನೆನಪಿದ್ಯಾ?" ಎನ್ನುತ್ತಾಳೆ. ಅವರೆಲ್ಲ ಒಂದು ಕಾಲಕ್ಕೆ ಆ ಬಸ್ಸಿನಲ್ಲಿ ಕೂತವರು. ತುಂಟಾಟ ಮಾಡಿದವರನ್ನು ಡ್ರೈವರ್ ಹಿಂದಿನ ಮೊದಲ ಸೀಟಿಗೆ ಕರೆದು ಕೂರಿಸುವುದು ಮಿಸ್ ವರ್ನೆಲ್ ಅವರ ಶಿಕ್ಷೆಯಾಗಿತ್ತು. ಆ ಸೀಟಿನಲ್ಲಿ ಅತಿ ಹೆಚ್ಚು ದಿನ ಕೂತ ಕೀರ್ತಿ ಅವರ ಸ್ವಂತ ಮಗಳು ನಡೀನಳದು. ಅಷ್ಟು ವರ್ಷಗಳಲ್ಲಿ ಒಂದು ಮಗುವಿನ ಮಂಡಿಯೂ ತಮ್ಮ ಗಾಡಿಯಿಂದಾಗಿ ತರಚಲಿಲ್ಲ ಎಂಬುದು ವರ್ನೆಲ್ ಅವರ ಹೆಮ್ಮೆ. ಬಾಯಿಬಿಟ್ಟು ಹೇಳಿದವರಲ್ಲ. ಹೇಳದಿದ್ದರೂ ಅವರು ನಡೆಯುವ ರೀತಿಯಲ್ಲೇ ಅದು ಕಾಣುತ್ತಿತ್ತು.

ಗಂಡ ರಾಯ್ಸ್ ಹಣ್ಣನ್ನು ಪೆಟ್ಟಿಗೆಗೆ ತುಂಬುವ ಕಾರ್ಖಾನೆಯಲ್ಲಿದ್ದವರು. ನಿವೃತ್ತಿಯಾದ ಮೇಲೆ ದೇಶ ಸುತ್ತೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಒಳಗೇ ಮಲಗಲು, ಬೇಯಿಸಿಕೊಳ್ಳಲು ಅನುಕೂಲವಿದ್ದ ವ್ಯಾನು ಮನೆಯ ಮುಂದೆ ಬಂದು ನಿಂತ ವರ್ಷವೇ ರಾಯ್ಸ್ ತೀರಿಕೊಂಡರು. ಮಾರಿಬಿಡು ಎಂದವರೇ ಎಲ್ಲ. ವರ್ನೆಲ್ ಒಂದು ಬೇಸಗೆ ಸುಮ್ಮನಿದ್ದರು. ಮುಂದಿನ ವರ್ಷ ಮೇ ತಿಂಗಳಲ್ಲಿ ಒಬ್ಬರೇ ಹೊರಟರು. ಈಗ ಅವರ ಫ್ರಿಜ್ಜಿನ ಬಾಗಿಲು ಕಾಣುವುದೇ ಇಲ್ಲ. ಹೋದ ಹೋದ ರಾಜ್ಯದಿಂದ ತಂದ ಅಯಸ್ಕಾಂತದ ಬಿಲ್ಲೆಗಳು ಅದರ ತುಂಬ ಅಂಟಿಕೊಂಡಿವೆ. ಮಿಷಿಗನ್‌ನ ಉದ್ದ ಸೇತುವೆಯನ್ನು ದಾಟಿದ ಖುಷಿಗೆ ತಿರುಗಿ ಬಂದು ಇನ್ನೊಮ್ಮೆ ದಾಟಿದ್ದರು. ಡಕೋಟಾದಲ್ಲಿ ಕಾಡೆಮ್ಮೆಗಳ ಹಿಂಡು ವ್ಯಾನನ್ನು ಸುತ್ತುಗಟ್ಟಿದಾಗ, ಹಿಂದಿನ ಕಾರಿನವರೆಲ್ಲ ಹೆದರಿ ಕೂತಿದ್ದರೆ, ಇವರು ಇಂಜಿನ್ ಆರಿಸಿ ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ ಹಚ್ಚಿಕೊಂಡು ತಿಂದಿದ್ದರು. "ಮೂರನೇ ಕ್ಲಾಸಿನ ಮಕ್ಕಳ ಥರಾನೇ. ನಾವು ಗಮನ ಕೊಡದಿದ್ರೆ ತಾವೇ ಹೋಗ್ತಾವೆ" ಎಂದು ಆಮೇಲೆ ಫೋನಿನಲ್ಲಿ ಮಗಳಿಗೆ ಹೇಳಿದ್ದರು. ಎಲ್ಲಿ ಸುತ್ತಿದರೂ ಕೊನೆಗೆ ಒಹಾಯೊದ ಮಗಳ ಮನೆ ಮುಟ್ಟುವುದು, ಮೊಮ್ಮಗಳು ಟೆಸ್ಸಾ ಗೇಟಿನ ಹತ್ತಿರ ಕಾಯುವುದು, ಅಜ್ಜಿ ವ್ಯಾನಿನ ಹಾರ್ನನ್ನು ಎರಡು ಸಲ ಒತ್ತುವುದು. ಇದು ಪ್ರತಿ ವರ್ಷದ ಪದ್ಧತಿ.

ಈ ಮೇ ತಿಂಗಳಲ್ಲಿ ಟೆಸ್ಸಾಳ ಮದುವೆ. "ಅಜ್ಜಿ, ನಾನು ಚರ್ಚಿಗೆ ಹೋಗೋದು ನಿನ್ ವ್ಯಾನಲ್ಲೇ. ನೀನೇ ಓಡಿಸ್ಬೇಕು" ಎಂದು ಅವಳು ಕ್ರಿಸ್‌ಮಸ್‌ನಲ್ಲೇ ಮಾತು ತೆಗೆದುಕೊಂಡಿದ್ದಳು. ವರ್ನೆಲ್ ವ್ಯಾನಿನ ಕಿಟಕಿಗೆ ಬಿಳಿ ಪರದೆ ಹೊಲಿದು ಇಟ್ಟಿದ್ದರು.

ಹೊರಡಲು ವಾರವಿದೆ ಎನ್ನುವಾಗ, ಹೇಳದೆ ಕೇಳದೆ ನಡೀನ್ ವಿಮಾನ ಹತ್ತಿ ಬಂದಿಳಿದಳು.

ಮಗಳು ಬಂದಳೆಂದು ವರ್ನೆಲ್ ಮೀನು ಹುರಿದರು, ಜೋಳದ ಗಂಜಿಗೆ ಬೆಣ್ಣೆ ಹಾಕಿದರು, ಟೊಮ್ಯಾಟೊ ಹೆಚ್ಚಿಟ್ಟರು. ನಡೀನ್ ಅರ್ಧ ಮೀನು ತಿಂದು ಫೋರ್ಕ್ ಕೆಳಗಿಟ್ಟಳು.

"ಅಮ್ಮಾ, ನಾನು ನಿನ್ನ ಕರ್ಕೊಂಡು ಹೋಗೋಕೆ ಬಂದಿದೀನಿ. ಇಬ್ಬರಿಗೂ ವಿಮಾನದ ಟಿಕೆಟ್ ತಗೊಂಡಾಯ್ತು."

"ವಿಮಾನ ಯಾಕೆ? ವ್ಯಾನ್ ಇದೆಯಲ್ಲ."

"ವ್ಯಾನ್ ಮಾರೋಣ."

ವರ್ನೆಲ್ ಮಗಳ ಮುಖ ನೋಡಿದರು. "ಯಾಕೆ? ಜನವರಿಯಲ್ಲಿ ಕಣ್ಣಿನ ಪರೀಕ್ಷೆ ಪಾಸಾಗಿದೀನಿ. ಆ ಹುಡುಗಿ ಕೊನೇ ಸಾಲು ಓದಿ ಅಂದ್ಲು, ಓದಿದೆ. ಕೆಳಗಡೆ ಬೋರ್ಡು ಪ್ರಿಂಟ್ ಮಾಡಿದೋರ ಹೆಸರೂ ಓದಿದೆ."

"ಕಣ್ಣಿನ ಮಾತಲ್ಲಮ್ಮ." ನಡೀನ್ ತಡವರಿಸಿದಳು. "ವಿನ್ನಿ ಆಂಟಿ ಫೋನ್ ಮಾಡಿದ್ರು."

ವಿನ್ನಿ ಕೆಸ್ಲರ್ ಎಂದರೆ ಎದುರು ಮನೆಯಾಕೆ, ವಿಸ್ಕಾನ್ಸಿನ್‌ನಿಂದ ಚಳಿಗಾಲಕ್ಕೆ ಬರುವವರು. ಈ ಸಲ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ್ದರಿಂದ ಈಸ್ಟರ್ ಕಳೆದರೂ ಹೋಗಿರಲಿಲ್ಲ. ವಾರಕ್ಕೆರಡು ಸಲ ಅವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವರು ವರ್ನೆಲ್ ಅವರೇ. ವರ್ನೆಲ್ ಊಟ ಬಿಟ್ಟು ಎದ್ದರು, ಬಾಗಿಲು ತೆರೆದು ಕೂಗಿದರು.

"ವಿನ್ನೀ! ನನ್ ಬೆನ್ನ ಹಿಂದೆ ಹೇಳಿದ್ದನ್ನ ಮುಂದೆ ಬಂದು ಹೇಳು ಬಾ!"

ವಿನ್ನಿ ಊರುಗೋಲು ಊರಿಕೊಂಡು, ಇನ್ನೊಂದು ಕೈಯಲ್ಲಿ ನಿಂಬೆಹಣ್ಣಿನ ಕಡುಬಿನ ತಟ್ಟೆ ಹಿಡಿದು ಬಂದರು. ತಪ್ಪು ಮಾಡಿದವರ ಮುಖ. ಆದರೆ ಬಾಯಿ ಸುಮ್ಮನಿರುವುದಲ್ಲ.

"ಹೇಳ್ತೀನಿ, ನನಗೇನು ಹೆದರಿಕೆ? ಖಾಲಿ ರಸ್ತೆ. ಎದುರಿಗೆ ಒಂದು ನರಪಿಳ್ಳೆ ಇಲ್ಲ. ಇವಳು ಗಾಡಿ ನಿಲ್ಲಿಸಿದ್ಲು! ಹಿಂದೆ ಮುಂದೆ ಲೈಟು ಮಿಣಮಿಣ. ಕಿಟಕಿ ಇಳಿಸಿದ್ಲು. ನಾನು ನನ್ ಸೊಸೆ ವಿಷಯ ಹೇಳ್ತಾ ಇದ್ದೆ, ನನಗೆ ಹೀಗೆ ಕೈ ತೋರಿಸಿದ್ಲು, ಬಾಯಿ ಮುಚ್ಚು ಅಂತ! ಆಮೇಲೆ ಸುಮ್ನೆ ಕೂತ್ಲು, ಎಲ್ಲೋ ಕಳೆದುಹೋದವಳ ಹಾಗೆ. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್. ಆಮೇಲೆ ಏನೂ ಆಗಿಲ್ಲ ಅನ್ನೋ ಥರ ಹೊರಟ್ಲು. ಒಂದು ಸಲ ಅಲ್ಲ, ಹೋದಾಗೆಲ್ಲ!"

"ನಿನ್ ಸೊಸೆ ವಿಷಯ ಕೇಳಿ ಕೇಳಿ ಯಾರಾದ್ರೂ ಕಳೆದುಹೋಗ್ತಾರೆ" ಎಂದರು ವರ್ನೆಲ್. ಆದರೆ ಅವರ ದನಿಯಲ್ಲಿ ಎಂದಿನ ಹುಳಿ ಇರಲಿಲ್ಲ. "ನಾನು ನಿಲ್ಲಿಸಿದ್ನಾ? ಎಲ್ಲಿ?"

"ನೋಡಿದ್ಯಾ ನಡೀನ್? ಇವಳಿಗೆ ನೆನಪೇ ಇಲ್ಲ!"

ನಿಜಕ್ಕೂ ನೆನಪಿರಲಿಲ್ಲ. ವರ್ನೆಲ್ ತಲೆಯೊಳಗೆಲ್ಲ ತಡಕಾಡಿದರು. ಆಸ್ಪತ್ರೆಗೆ ಹೋಗಿದ್ದು ನೆನಪಿದೆ, ಬಂದದ್ದು ನೆನಪಿದೆ, ವಿನ್ನಿಯ ಸೊಸೆ ಮಾಂಸದ ಸಾರಿಗೆ ಸಕ್ಕರೆ ಹಾಕಿದ್ದೂ ನೆನಪಿದೆ. ನಿಲ್ಲಿಸಿದ್ದು ಮಾತ್ರ ಇಲ್ಲ. ನಡೀನಳ ಅತ್ತೆ ಹೀಗೇ ಒಂದು ದಿನ ರಸ್ತೆ ಮಧ್ಯೆ ಕಾರು ನಿಲ್ಲಿಸಿ, ಮನೆ ಎಲ್ಲಿದೆ ಎಂದು ಪೊಲೀಸರನ್ನು ಕೇಳಿದ್ದರು. ಆಮೇಲೆ ತಮ್ಮ ಹೆಸರನ್ನೂ ಕೇಳುವಂತಾಗಿದ್ದರು. ನಡೀನ್ ಯಾಕೆ ಓಡಿ ಬಂದಿದ್ದಾಳೆಂದು ಈಗ ಅರ್ಥವಾಯಿತು. ಮಗಳ ಮೇಲೆ ಸಿಟ್ಟು ಮಾಡಲು ಆಗಲಿಲ್ಲ.

"ನಾಳೆ ಪೆಟ್ರೋಲ್ ಹಾಕಿಸೋಕೆ ಹೋಗ್ಬೇಕು" ಎಂದರು ನಿಧಾನವಾಗಿ. "ನೀನು ಪಕ್ಕದಲ್ಲಿ ಕೂತು ನೋಡು. ನಿನಗೆ ಸರಿ ಕಾಣದಿದ್ರೆ ಕೀಲಿ ನಾನೇ ನಿನ್ನ ಕೈಗೆ ಕೊಡ್ತೀನಿ. ಟೆಸ್ಸಾಗೆ ನಾನೇ ಹೇಳ್ತೀನಿ."

ವಿನ್ನಿ ಕಡುಬು ಕೊಯ್ದು ಮೂರು ತಟ್ಟೆಗೆ ಹಾಕಿದರು. ಯಾರೂ ಅದನ್ನು ಹೊಗಳಲಿಲ್ಲ.

ಮರುದಿನ ಬೆಳಿಗ್ಗೆ ವರ್ನೆಲ್ ಗಾಜು ಒರೆಸಿದರು, ಕನ್ನಡಿಗಳನ್ನು ಸರಿಮಾಡಿದರು, ಒಂದು ಸುತ್ತು ಬಂದು ಗಾಲಿಗಳನ್ನು ಕಾಲಿನಿಂದ ತಟ್ಟಿದರು. ಪರೀಕ್ಷೆಗೆ ಕೂತವರಂತೆ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದರು. ಬಡಾವಣೆಯ ಗೇಟಿನ ಹತ್ತಿರ ಎರಡು ಕೊಕ್ಕರೆಗಳು ಅಡ್ಡ ನಿಂತಿದ್ದವು. ಅವು ದಾಟಿದ ಮೇಲೆ ವ್ಯಾನು ಹೊರಬಿತ್ತು.

ದೊಡ್ಡ ರಸ್ತೆ ಬಿಟ್ಟು ಹಳೆಯ ಗಣಿಯ ಕಡೆಯ ದಾರಿ ಹಿಡಿದರೆ ಊರು ಹತ್ತಿರ, ಆಸ್ಪತ್ರೆಗೂ ಅದೇ ದಾರಿ. ಎರಡೂ ಬದಿ ಪೈನ್ ಮರ, ಕೆಳಗೆ ಗರಗಸದಂಥ ಎಲೆಯ ಕುಳ್ಳು ತಾಳೆಗಿಡ. ನಡೀನ್ ರೇಡಿಯೊದ ದನಿ ತಗ್ಗಿಸಿ ಮಾತು ಶುರುಮಾಡಿದಳು. ರಾತ್ರಿಯೆಲ್ಲ ಯೋಚಿಸಿ ಇಟ್ಟುಕೊಂಡ ಮಾತು ಎಂದು ವರ್ನೆಲ್‌ಗೆ ಗೊತ್ತಾಗುತ್ತಿತ್ತು.

"ನೀನು ಚೆನ್ನಾಗಿಯೇ ಓಡಿಸ್ತೀಯಮ್ಮ. ನಾನು ಇಲ್ಲ ಅನ್ನಲ್ಲ. ಆದ್ರೆ ಅಷ್ಟು ದೂರ, ಒಬ್ಬಳೇ, ದಾರಿಯಲ್ಲಿ ಏನಾದ್ರೂ ಆದ್ರೆ ನಾನು ಯಾರನ್ನ ಕೇಳ್ಲಿ? ಅತ್ತೇನ ನೋಡ್ಕೊಂಡೋಳು ನಾನು. ಅದನ್ನ ಇನ್ನೊಂದ್ಸಲ ನೋಡೋ ಶಕ್ತಿ ನನಗಿಲ್ಲ. ನಮ್ಮನೇಲಿ ನಿನಗೆ ರೂಮಿದೆ, ನೀನು ಬೇಡ ಅಂತೀಯ, ಸರಿ, ಇಲ್ಲೇ ಇರು. ಆದ್ರೆ ಕೀಲಿ ಮಾತ್ರ ನಾನು..."

ಮಾತು ಅಲ್ಲಿಗೇ ನಿಂತಿತು.

ವರ್ನೆಲ್ ಉಳಿದರ್ಧ ಮಾತಿಗಾಗಿ ಕಾದರು. ಬರಲಿಲ್ಲ. ಎಲ್ಲೋ ಒಂದು ಮರಕುಟಿಗ ಟೊಕ್‌ಟೊಕ್ ಎನ್ನುತ್ತಿತ್ತು. ಅದು ಇಷ್ಟು ಸ್ಪಷ್ಟವಾಗಿ ಕೇಳುತ್ತಿದೆಯಲ್ಲ ಎಂದುಕೊಂಡು ಪಕ್ಕಕ್ಕೆ ನೋಡಿದರು. ಐವತ್ತು ದಾಟಿ ವರ್ಷಗಳಾದ ಮಗಳು ಬೆನ್ನು ನೆಟ್ಟಗೆ ಮಾಡಿಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ತುಟಿ ಬಿಗಿದು ಕೂತಿದ್ದಳು. ಉಸಿರನ್ನೂ ಬಿಟ್ಟಂತಿರಲಿಲ್ಲ.

ಆಗ ವರ್ನೆಲ್‌ಗೆ ತಮ್ಮದೇ ಬಲಗೈ ಕಾಣಿಸಿತು. ಅದು ತಲೆಗಿಂತ ಮೇಲೆ, ಅಂಗೈ ಬಿಚ್ಚಿಕೊಂಡು, ಗಾಳಿಯಲ್ಲಿ ನಿಂತಿತ್ತು. ವ್ಯಾನು ನಿಂತಿತ್ತು. ಎರಡೂ ಕಿಟಕಿ ಕೆಳಗಿಳಿದಿದ್ದವು. ರೇಡಿಯೊ ಆರಿತ್ತು. ಎಚ್ಚರಿಕೆಯ ದೀಪ ಟಿಕ್‌ಟಿಕ್ ಎನ್ನುತ್ತಿತ್ತು. ಇದನ್ನೆಲ್ಲ ಮಾಡಿದ್ದು ಯಾವಾಗ? ಮುಂದೆ ನೋಡಿದರು. ರಸ್ತೆಗೆ ಅಡ್ಡವಾಗಿ, ಹುಲ್ಲಿನಲ್ಲಿ ಮುಕ್ಕಾಲು ಹೂತು, ತುಕ್ಕು ಹಿಡಿದ ಎರಡು ಹಳಿ. ಗಣಿಯಿಂದ ಗೊಬ್ಬರ ತಯಾರಿಸುವ ಕಲ್ಲು ಸಾಗಿಸುತ್ತಿದ್ದ ರೈಲಿನ ಹಳಿ. ಗಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಗೇಟಿಲ್ಲ, ಗಂಟೆಯಿಲ್ಲ, ಬಣ್ಣ ಹೋದ ಒಂದು ಫಲಕ ಬಳ್ಳಿಯೊಳಗೆ ಮುಖ ಮುಚ್ಚಿಕೊಂಡಿತ್ತು. ವಿನ್ನಿಗೆ ಅದು ಕಾಣದಿದ್ದರಲ್ಲಿ ಆಶ್ಚರ್ಯವಿಲ್ಲ.

ಶಾಲಾ ಬಸ್ಸು ಎಂಥ ಹಳಿಯ ಮುಂದೆಯೂ ನಿಲ್ಲಲೇಬೇಕು. ದೀಪ ಹಾಕಬೇಕು, ಬಾಗಿಲು ಕಿಟಕಿ ತೆರೆಯಬೇಕು, ಎರಡೂ ಕಡೆ ನೋಡಬೇಕು, ರೈಲಿನ ಸದ್ದಿಗೆ ಕಿವಿಗೊಡಬೇಕು. ಬಸ್ಸಿನ ತುಂಬ ಮಕ್ಕಳು ಕಾಗೆಗಳಂತೆ ಕೂಗುತ್ತಿದ್ದರೆ ಕೇಳುವುದು ಹೇಗೆ? ಅದಕ್ಕೇ ಮಿಸ್ ವರ್ನೆಲ್ ಬಲಗೈ ಎತ್ತುತ್ತಿದ್ದರು. ಆ ಕೈ ಮೇಲೆದ್ದರೆ ಇಡೀ ಬಸ್ಸಿಗೆ ಬಾಯಿ ಇರುತ್ತಿರಲಿಲ್ಲ. ಕೈ ಇಳಿಯುವವರೆಗೆ ಹೊಡೆದಾಡುವವರೂ ಹಿಡಿದ ಜುಟ್ಟನ್ನು ಹಿಡಿದಂತೆಯೇ ಇಟ್ಟುಕೊಂಡು ಕಾಯುತ್ತಿದ್ದರು.

"ಅಮ್ಮಾ," ಎಂದಳು ನಡೀನ್, ತುಟಿ ಅಲ್ಲಾಡಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ, "ಈಗ ಮಾತಾಡ್ಬಹುದಾ?"

ವರ್ನೆಲ್ ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ಹಳಿ ದಾಟಿದರು. ಕೈ ಇಳಿಸಿದರು.

ನಡೀನ್ ಒಮ್ಮೆಲೇ ನಗತೊಡಗಿದಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ವರ್ನೆಲ್ ರಸ್ತೆಯ ಬದಿಗೆ ವ್ಯಾನು ನಿಲ್ಲಿಸಿ ಮಗಳಿಗೆ ಕಾಗದದ ಕರವಸ್ತ್ರ ಕೊಟ್ಟು, ತಾವೂ ಒಂದು ತೆಗೆದುಕೊಂಡರು.

"ನಾನು ಬಾಯಿ ಮುಚ್ಚಿದ್ದು ನನಗೇ ಗೊತ್ತಾಗಿಲ್ಲಮ್ಮ! ಅಷ್ಟು ಸಿಟ್ಟಲ್ಲಿ ಮಾತಾಡ್ತಾ ಇದ್ದೆ, ನಿನ್ ಕೈ ಮೇಲೆ ಹೋಯ್ತು, ಅಷ್ಟೇ. ನಲವತ್ತು ವರ್ಷ ಆಯ್ತಲ್ಲ!"

"ನನಗೂ ಗೊತ್ತಾಗಿಲ್ಲ ಕಣೇ, ಕೈ ಎತ್ತಿದ್ದು."

"ಯಾವಾಗಿಂದ ಹೀಗೆ ಮಾಡ್ತಾ ಇದ್ದೀಯ?"

ವರ್ನೆಲ್ ಸ್ವಲ್ಪ ಯೋಚಿಸಿದರು. "ಯಾರಿಗೆ ಗೊತ್ತು. ಮೊದಲಿಂದಲೂ ಇರ್ಬಹುದು. ಪಕ್ಕದಲ್ಲಿ ಯಾರೂ ಇರ್ಲಿಲ್ವಲ್ಲ, ಹೇಳೋಕೆ."

ನಡೀನ್ ತಾಯಿಯ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಳು. ಉಬ್ಬಿದ ನರ, ಬಿಸಿಲಿನ ಕಲೆ, ಗಾಡಿ ಹಿಡಿದು ಹಿಡಿದು ದಡ್ಡುಗಟ್ಟಿದ ಅಂಗೈ.

ಪೆಟ್ರೋಲ್ ಬಂಕಿನಲ್ಲಿ ಅವರ ಹಿಂದೆಯೇ ಒಂದು ಹಳೆಯ ಪಿಕಪ್ ಲಾರಿ ಬಂದು ನಿಂತಿತು. ಗಡ್ಡವೆಲ್ಲ ಬೆಳ್ಳಗಾದ ದಪ್ಪ ಮನುಷ್ಯನೊಬ್ಬ ಟೋಪಿ ತೆಗೆದುಕೊಂಡು ಇಳಿದ. ಕೊಳಾಯಿ ಕೆಲಸದ ಲಮಾರ್ ಗ್ರಿಗ್ಸ್.

"ನಮಸ್ಕಾರ ಮಿಸ್ ವರ್ನೆಲ್. ಹಳಿ ಹತ್ರ ನಿಮ್ ಹಿಂದೇನೇ ಇದ್ದೆ."

"ಹೌದಾ? ಹಾರ್ನ್ ಹೊಡೀಲಿಲ್ಲ?"

"ಹಾರ್ನಾ? ಆಮೇಲೆ ಇಳಿದು ಬಂದು ನನ್ನ ಮುಂದಿನ ಸೀಟಿಗೆ ಎಳ್ಕೊಂಡು ಹೋಗೋಕಾ? ನಿಮ್ಮ ದೀಪ ಮಿಣುಕಿದ ತಕ್ಷಣ ನಾನು ರೇಡಿಯೊ ಆರಿಸಿ ಕೈಕಟ್ಟಿ ಕೂತೆ. ಪಕ್ಕದಲ್ಲಿ ನನ್ ಹೆಂಡ್ತಿ, ಏನಾಯ್ತು ನಿಮಗೆ ಅಂತಾಳೆ. ಶ್ ಅಂದೆ. ಮನೆಗೆ ಹೋದ್ಮೇಲೆ ನನಗೈತೆ." ಅವನ ಕಣ್ಣು ನಡೀನಳ ಮೇಲೆ ಬಿತ್ತು. "ಅಯ್ಯೋ, ಇವಳು ನಡೀನ್ ಅಲ್ವಾ! ನನ್ನ ಊಟದ ಡಬ್ಬಿ ಕಿಟಕಿಯಿಂದ ಎಸೆದೋಳು!"

"ನೀನು ನನ್ ಜಡೆಗೆ ಗೋಂದು ಹಚ್ಚಿದ್ದೆ, ಲಮಾರ್."

"ನಿಮ್ಮಮ್ಮ ನಿನ್ನನ್ನ ಮೊದಲ ಸೀಟಿಗೆ ಹಾಕಿದ್ರು, ನನ್ನನ್ನಲ್ಲ. ಸ್ವಂತ ಮಗಳು ಅಂತಾನೂ ನೋಡ್ಲಿಲ್ಲ. ಅವತ್ತಿಂದ ನಮಗೆಲ್ಲ ಮಿಸ್ ವರ್ನೆಲ್ ಮೇಲೆ ಒಂದು ನಂಬಿಕೆ."

ನಡೀನ್ ನಗುತ್ತ ತಾಯಿಯ ಕಡೆ ನೋಡಿದಳು. ಆ ನೋಟವನ್ನು ವರ್ನೆಲ್ ಆಮೇಲೆ ಎಷ್ಟೋ ದಿನ ನೆನೆಸಿಕೊಂಡರು. ಹಲ್ಲಿನ ಡಾಕ್ಟರಮ್ಮ, ಔಷಧಿ ಅಂಗಡಿಯವನು, ಊರಿನ ಎಲ್ಲರೂ ಹಾಗೆ ನೋಡಿದ್ದರು. ಮಗಳು ಹಾಗೆ ನೋಡಿದ್ದು ಇದೇ ಮೊದಲು.

ವಾಪಸ್ ಬಂದು ಮನೆಯ ಮುಂದೆ ವ್ಯಾನು ನಿಲ್ಲಿಸಿದ ಮೇಲೆ ವರ್ನೆಲ್ ಕೀಲಿಯನ್ನು ಮಗಳ ಮುಂದೆ ಹಿಡಿದರು. "ಮಾತು ಅಂದ್ರೆ ಮಾತು. ನೀನು ನೋಡಿದ್ಯಲ್ಲ. ಹೇಳು."

ನಡೀನ್ ಕೀಲಿಯನ್ನು ತೆಗೆದುಕೊಂಡಳು. ವರ್ನೆಲ್‌ರ ಮುಖ ಒಂದು ಕ್ಷಣ ಇಳಿಯಿತು. ನಡೀನ್ ಅದನ್ನು ತಾಯಿಯ ಅಂಗಿಯ ಜೇಬಿಗೆ ಹಾಕಿ, ಜೇಬನ್ನು ಮೇಲಿಂದ ತಟ್ಟಿದಳು. ಆಮೇಲೆ ಫೋನ್ ತೆಗೆದು ಗಂಡನಿಗೆ ಮಾಡಿದಳು. ಇಡೀ ಬೀದಿಗೆ ಕೇಳುವ ಹಾಗೆ ಮಾತಾಡಿದಳು.

"ಟಿಕೆಟ್ ಎರಡೂ ವಾಪಸ್ ಮಾಡು. ಹೌದು, ನಂದೂ. ನಾನು ಅಮ್ಮನ ಜೊತೆ ಬರ್ತೀನಿ... ಅಲ್ಲ, ನಾನಲ್ಲ, ಅಮ್ಮ ಓಡಿಸ್ತಾಳೆ... ನೋಡು, ಈ ಜಿಲ್ಲೆಯ ಅರ್ಧ ಜನ ಇವತ್ತು ಜೀವಂತ ಇರೋದು ನಮ್ಮಮ್ಮ ಓಡಿಸಿದ್ದರಿಂದ, ಗೊತ್ತಾಯ್ತಾ?"

"ಅರ್ಧ ಇಲ್ಲ," ಎಂದರು ವರ್ನೆಲ್. "ಕಾಲು ಭಾಗ ಇರ್ಬಹುದು." ಬಳಿಕ ತಾವಾಗಿಯೇ ಸೇರಿಸಿದರು: "ಕತ್ತಲಾದ ಮೇಲೆ ಓಡಿಸಲ್ಲ. ಎದುರಿನ ದೀಪ ಕಣ್ಣಿಗೆ ಚುಚ್ಚುತ್ತೆ. ಅದು ನಿಜ. ಅದನ್ನ ನಿನಗೆ ಹೇಳಿರ್ಲಿಲ್ಲ."

ಹೊರಡುವ ಬೆಳಿಗ್ಗೆ ಗೇಟಿನವರೆಗೆ ಗಾಲ್ಫ್ ಗಾಡಿಗಳ ಮೆರವಣಿಗೆಯೇ ಬಂತು. ಯಾರೋ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿಯ ಚೀಲ ಕೊಟ್ಟರು, ಯಾರೋ ಮದುಮಗಳಿಗೆಂದು ಕೈಯಾರೆ ಹೊಲಿದ ಹೊದಿಕೆ. ವಿಮಾನ ನಿಲ್ದಾಣದವರೆಗೆ ವಿನ್ನಿಯೂ ಜೊತೆಗಿದ್ದರು. ಮೊಣಕಾಲು ವಾಸಿಯಾಗಿ ಅವರೂ ಊರಿಗೆ ಹೊರಟಿದ್ದರು. ಹಿಂದಿನ ಸೀಟಿನಲ್ಲಿ ಬಿಳಿ ಪರದೆಗಳ ನಡುವೆ ರಾಣಿಯಂತೆ ಕೂತಿದ್ದರು. ನಡೆದ ಸಂಗತಿಯನ್ನೆಲ್ಲ ಕೇಳಿದ ಮೇಲೆ ಅವರು ವರ್ನೆಲ್‌ರ ಕ್ಷಮೆ ಕೇಳಿದ್ದರು. ಅದಕ್ಕಾಗಿ ಇನ್ನೂ ಒಂದು ಕಡುಬು ಮಾಡಿದ್ದರು. ಈ ಸಲ ವರ್ನೆಲ್ ಅದನ್ನು ಹೊಗಳಿದ್ದರು.

ಗಣಿಯ ದಾರಿಗೆ ತಿರುಗಿದ ಕೂಡಲೇ ವಿನ್ನಿ ಶುರುಮಾಡಿದರು. "ಊರಿಗೆ ಹೋದ ತಕ್ಷಣ ನನ್ ಸೊಸೆ ಏನ್ಮಾಡ್ತಾಳೆ ಗೊತ್ತಾ, ಮೊದಲು ನನ್ನ ಅಡಿಗೆಮನೆಗೆ..."

ನಡೀನ್ ತನ್ನ ಕಡೆಯ ಕಿಟಕಿ ಇಳಿಸಿದಳು. ರೇಡಿಯೊ ಆರಿಸಿದಳು. ಹಿಂದೆ ತಿರುಗದೆಯೇ ಬಲಗೈ ಎತ್ತಿದಳು.

"ಅಯ್ಯೋ ದೇವರೇ," ಎಂದರು ವಿನ್ನಿ, "ಮಗಳಿಗೂ ಬಂತಾ ಇದು!" ಅಷ್ಟೇ ಹೇಳಿ ಬಾಯಿ ಮುಚ್ಚಿಕೊಂಡರು.

ಈ ಸಲ ವರ್ನೆಲ್ ಮೈಯೆಲ್ಲ ಎಚ್ಚರವಾಗಿಟ್ಟುಕೊಂಡು, ಬೇಕೆಂದೇ ಬ್ರೇಕ್ ಒತ್ತಿದರು. ದೀಪ ಟಿಕ್‌ಟಿಕ್ ಎನ್ನತೊಡಗಿತು. ಮರಕುಟಿಗ ಇನ್ನೂ ಅಲ್ಲೇ ಕುಟ್ಟುತ್ತಿತ್ತು. ಹುಲ್ಲಿನೊಳಗಿನ ಹಳಿಯನ್ನು ಎಡಕ್ಕೂ ಬಲಕ್ಕೂ ನೋಡಿದ ಮೇಲೆ, ಪಕ್ಕಕ್ಕೂ ಮೇಲಿನ ಕನ್ನಡಿಗೂ ಕಣ್ಣು ಹಾಯಿಸಿ ತಮ್ಮ ಗಾಡಿಯ ಮಕ್ಕಳನ್ನೂ ಒಮ್ಮೆ ನೋಡಿಕೊಂಡರು. ಇಬ್ಬರೂ ಸುಮ್ಮನೆ, ನೆಟ್ಟಗೆ ಕೂತಿದ್ದರು. ವರ್ನೆಲ್ ಉತ್ತರದ ಕಡೆಗೆ ಗಾಡಿ ಬಿಟ್ಟರು.